ಅದೇ ಫೋಟೋ, ಬೇರೆ ಕ್ಯಾಪ್ಷನ್

ಈ ತಿಂಗಳು ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷ್ಯದ ಮೇಲಿದ್ವು, ಪತ್ರಕರ್ತರು ಯಾಕೆ ಹಿಂಗೆ ಗಾಳಿ ಬಂದ ಕಡೆ ತೂರಿಕೊಳ್ತಾರೆ ಅಂತ. ಅದಕ್ಕೇ ಅಡುಗೆ, ಆರೋಗ್ಯ, ಪಹಣಿ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಎತ್ತಿಟ್ಟು ಈ ಸಲ ಇದೊಂದನ್ನೇ ತಗೊಂಡಿದೀನಿ. ಹೆಸರು ಹಾಕಬೇಡಿ ಅಂತ ಬಹಳ ಜನ ಕೇಳಿಕೊಂಡಿದ್ರಿಂದ ಊರು ಮಾತ್ರ ಹಾಕಿದೀನಿ. ನಾನೂ ದಾವಣಗೆರೆಯ ಒಂದು ಪತ್ರಿಕೆ ಡೆಸ್ಕಲ್ಲಿ ಹನ್ನೊಂದು ವರ್ಷ ಕೂತಿದ್ದವಳು, ಹಂಗಾಗಿ ದೂರದಲ್ಲಿ ನಿಂತು ಬೈಯೋ ಹಕ್ಕು ನನಗಿಲ್ಲ, ಒಳಗೆ ಕಂಡಿದ್ದನ್ನ ಕಂಡಂಗೆ ಹೇಳ್ತೀನಿ.

ಪ್ರಶ್ನೆ: ಮೇಡಂ ಅವ್ರೇ, ಇಪ್ಪತ್ತು ವರ್ಷದಿಂದ ಒಬ್ಬರ ಅಂಕಣ ಓದ್ಕೊಂಡು ಬಂದೀನಿ. ನಮ್ಮೂರ ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿ ಕೂತು ಅವ್ರು ಬರೆದದ್ದನ್ನ ನಾಲ್ಕು ಜನಕ್ಕೆ ಓದಿ ಹೇಳ್ತಿದ್ದೆ. ಒಬ್ಬ ಲೀಡರ್ ಮೇಲೆ ಅವ್ರು ಬರೆದಿದ್ದು ಒಂದಾ ಎರಡಾ, ಅಪ್ಪ ಮಕ್ಕಳ ರಾಜಕೀಯ ಅಂದ್ರು, ಲೂಟಿ ಅಂದ್ರು. ಮೊನ್ನೆ ಅದೇ ಲೀಡರ್ ಹುಟ್ಟುಹಬ್ಬದಲ್ಲಿ ಪೇಟ ಇಟ್ಕೊಂಡು ಸ್ಟೇಜ್ ಮೇಲೆ ಕೂತಿದಾರೆ, ಮುಂದಿನ ವಾರದ ಅಂಕಣದಲ್ಲಿ 'ದೂರದೃಷ್ಟಿಯ ನಾಯಕ' ಅಂತ ಬರೆದಿದಾರೆ. ಏನ್ ಮೇಷ್ಟ್ರೇ ನಿಮ್ ಬರಹಗಾರರು ಅಂತ ಹೋಟ್ಲಲ್ಲಿ ಎಲ್ರೂ ನನ್ನ ಮುಖ ನೋಡ್ತಾರೆ. ನಾನು ಪೇಪರ್ ತರ್ಸೋದೇ ಬಿಟ್ಬಿಡ್ಲಾ?
– ನಿವೃತ್ತ ಶಿಕ್ಷಕರು, ಜಗಳೂರು

ಉತ್ತರ: ಮೇಷ್ಟ್ರೇ, ನಿಮ್ಮ ಕಾಗದ ಓದಿದಾಗ ನನಗೆ ಒಂದು ಫೋಟೋ ನೆನಪಾಯ್ತು. ದಾವಣಗೆರೆಯ ಒಂದು ಬಡಾವಣೆ, ಮಳೆಗಾಲ, ಚರಂಡಿ ಉಕ್ಕಿ ಬೀದಿ ತುಂಬ ಕಪ್ಪು ನೀರು. ಒಬ್ಬ ಹೆಣ್ಮಗಳು ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಸೊಂಟದ ಮೇಲೆ ಹಸಿರು ಪ್ಲಾಸ್ಟಿಕ್ ಕೊಡ ಇಟ್ಕೊಂಡು, ಒಂದು ಕಾಲು ಸೈಜುಗಲ್ಲಿನ ಮೇಲೆ, ಇನ್ನೊಂದು ಕಾಲು ನೀರೊಳಗೆ. ಹಿಂದೆ ಒಬ್ಬ ಹುಡುಗ ಸ್ಕೂಲ್ ಬ್ಯಾಗ್ ತಲೆ ಮೇಲೆ ಹೊತ್ಕೊಂಡಿದಾನೆ. ನಮ್ಮ ಪೇಪರಲ್ಲಿ ಮೊದಲ ಪುಟಕ್ಕೆ ಹಾಕಿದ್ವಿ, 'ಆಳುವವರ ಕಣ್ಣಿಗೆ ಬೀಳದ ಗೋಳು' ಅಂತ ಕ್ಯಾಪ್ಷನ್. ಅದಾಗಿ ಎರಡು ವರ್ಷಕ್ಕೆ ಸರ್ಕಾರ ಬದಲಾಯ್ತು, ನಮ್ಮ ಮಾಲೀಕರಿಗೆ ಹೊಸಬರ ಜೊತೆ ಬಳಕೆ ಜಾಸ್ತಿ ಆಯ್ತು, ಅದೇ ಬಡಾವಣೆಗೆ ಮತ್ತೆ ನೀರು ನುಗ್ತು. ಆ ರಾತ್ರಿ ಫೋಟೋಗ್ರಾಫರ್ ರಜೆ, ಹಳೇ ಫೈಲಿಂದ ಅದೇ ಫೋಟೋ ತೆಗೆದು ನನ್ನ ಪುಟಕ್ಕೆ ಕಳ್ಸಿದ್ರು, ಜೊತೆಗೆ ಫೋನಲ್ಲಿ ಕ್ಯಾಪ್ಷನ್ನೂ ಹೇಳಿದ್ರು: 'ಅನಿರೀಕ್ಷಿತ ಮಳೆ, ಸಮರೋಪಾದಿಯಲ್ಲಿ ಪರಿಹಾರಕ್ಕೆ ಶಾಸಕರ ಸೂಚನೆ'. ಎರಡೂ ಸಲ ಸುದ್ದಿ ಬರೆದ ವರದಿಗಾರ ಒಬ್ಬನೇ. ಟೈಪ್ ಮಾಡಿದವಳು ನಾನು.

ನಾಲ್ಕು ದಿನ ಬಿಟ್ಟು ಒಬ್ರು ಆಫೀಸಿಗೆ ಬಂದ್ರು, ಎರಡೂ ಪೇಪರನ್ನ ನೀಟಾಗಿ ಮಡಚಿ ತಂದಿದ್ರು, ಹಳೇದು ಹಳದಿ ತಿರುಗಿತ್ತು. ನನ್ನ ಟೇಬಲ್ ಮೇಲೆ ಪಕ್ಕಪಕ್ಕ ಹರಡಿ, "ಮೇಡಂ, ಇವ್ಳು ನಮ್ಮನೆಯಾಕಿ. ಎರಡು ಸಲನೂ ನೀರು ಒಳಗೇ ಬಂದಿತ್ತು, ಎರಡು ಸಲನೂ ಅಕ್ಕಿ ಮೂಟೆ ನೆನೀತು. ಹೋದ್ಸಲ ತಪ್ಪು ಮಾಡಿದೋರು ಇದ್ರು, ಈ ಸಲ ಯಾರೂ ಇಲ್ವಾ?" ಅಂದ್ರು. ಜಗಳ ಆಡ್ಲಿಲ್ಲ, ಜೋರು ಮಾಡ್ಲಿಲ್ಲ. ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಅವ್ರು ಪೇಪರ್ ಮತ್ತೆ ಅದೇ ಮಡಿಕೆಗೆ ಮಡಚ್ಕೊಂಡು ಹೋದ್ರು.

ಅದಕ್ಕೇ ಹೇಳ್ತೀನಿ ಮೇಷ್ಟ್ರೇ, ಅಭಿಪ್ರಾಯ ಬದಲಾಗೋದು ತಪ್ಪಲ್ಲ. ನಿನ್ನೆ ಬೈದವರನ್ನ ಇವತ್ತು ಹೊಗಳೋ ಸಂದರ್ಭ ಬರಬಹುದು, ಆ ಲೀಡರ್ ನಿಜವಾಗ್ಲೂ ಕೆರೆ ತುಂಬ್ಸಿರಬಹುದು, ಆಸ್ಪತ್ರೆ ಕಟ್ಸಿರಬಹುದು. ಆದ್ರೆ ಇಪ್ಪತ್ತು ವರ್ಷ ಓದಿದ ನಿಮಗೆ ಒಂದು ಮಾತು ಹೇಳೋ ಋಣ ಅವ್ರ ಮೇಲಿದೆ: ಅವತ್ತು ಹಿಂಗೆ ಬರೆದಿದ್ದೆ, ಇವತ್ತು ಹಿಂಗೆ ಬರೀತಿದೀನಿ, ಮಧ್ಯೆ ಆಗಿದ್ದು ಇದು. ಲೂಟಿ ಅಂತ ಬರೆದಿದ್ದು ನಿಜ ಆಗಿದ್ರೆ ಆ ದುಡ್ಡು ವಾಪಸ್ ಬಂತಾ? ಸುಳ್ಳಾಗಿದ್ರೆ ತಪ್ಪಾಯ್ತು ಅಂತ ಎಲ್ಲಿ ಬರೆದ್ರು? ಇವೆರಡಕ್ಕೂ ಬಾಯಿ ಬಿಡದೆ ಸೀದಾ ಸ್ಟೇಜ್ ಹತ್ತಿದ್ರೆ ಅದಕ್ಕೆ ಬಕೆಟ್ ಹಿಡಿಯೋದು ಅಂತಾನೇ ಕರೀಬೇಕು, ಬೇರೆ ಮಾತಿಲ್ಲ. ಪೇಪರ್ ಬಿಡಬೇಡಿ. ಹಳೇ ಕಟಿಂಗ್ ಇದ್ರೆ ಅದರ ಜೆರಾಕ್ಸ್ ಜೊತೆ ಈ ಎರಡು ಪ್ರಶ್ನೆ ಬರೆದು ಅವ್ರಿಗೇ ಕಳ್ಸಿ. ಹೋಟ್ಲಲ್ಲಿ ಕೇಳಿದವ್ರಿಗೂ ಅದನ್ನೇ ತೋರ್ಸಿ, ನಾನು ಕೇಳಿದೀನಿ, ಉತ್ತರಕ್ಕೆ ಕಾಯ್ತಿದೀನಿ ಅಂತ.

ಪ್ರಶ್ನೆ: ಮೇಡಂ, ನಾನು ಜರ್ನಲಿಸಂ ಓದ್ತಿದೀನಿ. ಎಂಎಲ್ಎಗಳು ಪಾರ್ಟಿ ಬಿಟ್ರೆ ಪಕ್ಷಾಂತರ ಕಾಯ್ದೆ ಇದೆ, ಸೀಟೇ ಹೋಗುತ್ತೆ. ಪತ್ರಕರ್ತರು ದಿನಕ್ಕೊಂದು ಪಾರ್ಟಿ ಕಡೆ ವಾಲಿದ್ರೂ ಏನೂ ಆಗಲ್ಲ. ಇವ್ರಿಗೂ ಒಂದು ಕಾಯ್ದೆ ಬೇಡ್ವಾ?
– ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಬೇಡ ಕಣಪ್ಪಾ, ಖಂಡಿತ ಬೇಡ. ಪಕ್ಷಾಂತರ ಕಾಯ್ದೆ 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿ ಮೂಲಕ ಬಂದದ್ದು, ಒಂದು ಚಿಹ್ನೆ ಮೇಲೆ ಓಟು ತಗೊಂಡು ಇನ್ನೊಂದು ಕಡೆ ಹೋದವ್ರಿಗೆ. ಪತ್ರಕರ್ತನಿಗೆ ಯಾರೂ ಚಿಹ್ನೆ ಕೊಟ್ಟು ಕಳ್ಸಿಲ್ಲ. ಅವನು ಏನು ಯೋಚ್ನೆ ಮಾಡಬೇಕು ಅನ್ನೋದಕ್ಕೆ ಕಾಯ್ದೆ ತಂದ್ರೆ ಆ ಕಾಯ್ದೆ ಕೋಲು ಯಾರ ಕೈಯಲ್ಲಿರುತ್ತೆ ಹೇಳು, ಸರ್ಕಾರದ ಕೈಯಲ್ಲೇ. 1988ರಲ್ಲಿ ರಾಜೀವ್ ಗಾಂಧಿ ಸರ್ಕಾರ ಮಾನಹಾನಿ ಮಸೂದೆ ತಂದಾಗ ದೇಶದ ಪತ್ರಕರ್ತರೆಲ್ಲ ಬೀದಿಗೆ ಇಳಿದಿದ್ದು ಅದಕ್ಕೇ, ಕೊನೆಗೆ ವಾಪಸ್ ತಗೊಂಡ್ರು.

ಪತ್ರಕರ್ತರು ರಾಜಕೀಯಕ್ಕೆ ಹೋಗೋದೂ ಹೊಸದಲ್ಲ. ಎಂ.ಜೆ. ಅಕ್ಬರ್ ಅವ್ರನ್ನೇ ತಗೋ, ದೊಡ್ಡ ಸಂಪಾದಕರಾಗಿದ್ದವ್ರು 1989ರಲ್ಲಿ ಕಾಂಗ್ರೆಸ್ಸಿಂದ ಬಿಹಾರದ ಕಿಶನ್‌ಗಂಜ್ ಎಂಪಿ ಆದ್ರು, ಆಮೇಲೆ ಮತ್ತೆ ಪತ್ರಿಕೆ, 2014ರಲ್ಲಿ ಬಿಜೆಪಿ, 2016ರಲ್ಲಿ ಕೇಂದ್ರ ಮಂತ್ರಿ. ಒಪ್ಪೋದು ಬಿಡೋದು ಓದುಗರಿಗೆ ಬಿಟ್ಟಿದ್ದು, ಆದ್ರೆ ಅದು ಎಲ್ರ ಕಣ್ಮುಂದೆ ನಡೀತು, ಅವ್ರ ಬರಹ ಓದುವಾಗ ಇವ್ರು ಇಂಥ ಕಡೆಯವ್ರು ಅಂತ ಗೊತ್ತಿಟ್ಕೊಂಡೇ ಓದಬಹುದು. ನನಗೆ ಭಯ ಆಗೋದು ಎಂಪಿ ಆದವ್ರ ಬಗ್ಗೆ ಅಲ್ಲ, ಯಾವ ಪಾರ್ಟಿಗೂ ಸೇರದೆ, ನಿಷ್ಪಕ್ಷಪಾತಿ ಅಂತ ಬೋರ್ಡ್ ಹಾಕ್ಕೊಂಡು, ಬೆಳಿಗ್ಗೆ ಒಬ್ಬರ ಭಾಷಣ ಬರೆದುಕೊಟ್ಟು ಸಂಜೆ ಅದೇ ಭಾಷಣ 'ಐತಿಹಾಸಿಕ' ಅಂತ ರಿಪೋರ್ಟ್ ಮಾಡೋರ ಬಗ್ಗೆ. ನಾನು ಅಂಥವ್ರ ಪಕ್ಕದ ಕುರ್ಚೀಲಿ ಕೂತು ಕೆಲ್ಸ ಮಾಡಿದೀನಿ.

ಇನ್ನೊಂದು ಉದಾಹರಣೆ ಕೊಡ್ತೀನಿ, ನಮ್ಮ ಪಕ್ಕದ ಜಿಲ್ಲೆಯದ್ದೇ. ಶಿವಮೊಗ್ಗದ ಕೊನಗವಳ್ಳಿಯ ಪಿ. ಲಂಕೇಶ್ 1980ರಲ್ಲಿ ವಾರಪತ್ರಿಕೆ ಶುರು ಮಾಡಿದ್ರು, ಜಾಹೀರಾತು ತಗೊಳ್ತಿರಲಿಲ್ಲ, ಓದುಗರು ಕೊಡೋ ದುಡ್ಡಲ್ಲೇ ನಡೀತಿತ್ತು. ಆಗಿನ ಮುಖ್ಯಮಂತ್ರಿ ಗುಂಡೂರಾವ್ ಸರ್ಕಾರವನ್ನ ಬಿಡದೆ ತರಾಟೆಗೆ ತಗೊಂಡ್ರು. 1983ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿ ಬಂದ್ರು, ಹೋಗ್ಲಿ ನಮ್ಮೋರು ಅಂತ ಸುಮ್ನಾದ್ರಾ, ಇಲ್ಲ, ಹೆಗಡೆಯವ್ರನ್ನೂ ಅಷ್ಟೇ ಕಟುವಾಗಿ ಬರೆದ್ರು. ಆಮೇಲೆ ಪ್ರಗತಿ ರಂಗ ಅಂತ ಪಕ್ಷವನ್ನೇ ಕಟ್ಟಿದ್ರು, ಅದನ್ನೂ ಮುಚ್ಚುಮರೆ ಇಲ್ದೆ ಮಾಡಿದ್ರು. ಅವ್ರ ಬರವಣಿಗೆ ಬಗ್ಗೆ ತಕರಾರು ಇರೋರು ಇವತ್ತಿಗೂ ಬಹಳ ಜನ ಇದಾರೆ. ಆದ್ರೆ ಕುರ್ಚಿ ಮೇಲಿನ ಮನುಷ್ಯ ಬದಲಾದಾಗ ಅವ್ರ ತಕ್ಕಡಿ ಬದಲಾಗ್ಲಿಲ್ಲ ನೋಡು, ಅದನ್ನ ನೀನು ಕಲೀಬೇಕು.

ಪ್ರಶ್ನೆ: ಅಕ್ಕಾ, ಎಲ್ರೂ ನಮಗೇ ಬೈತಾರೆ. ನಾನು ತಾಲ್ಲೂಕು ವರದಿಗಾರ, ಸಂಬಳ ಅಂತ ಇಲ್ಲ, ತಿಂಗಳಿಗೆ ಕೊಡೋದು ಪೆಟ್ರೋಲಿಗೂ ಸಾಲಲ್ಲ. ವಾರ್ಷಿಕೋತ್ಸವ ಪುರವಣಿಗೆ ಇಷ್ಟು ಜಾಹೀರಾತು ತರ್ಲೇಬೇಕು ಅಂತ ಟಾರ್ಗೆಟ್ ಐತೆ. ಯಾರ ಹತ್ರ ಕೇಳಲಿ, ಗುತ್ತಿಗೆದಾರ್ರು, ಪಂಚಾಯ್ತಿ ಮೆಂಬರ್ರು, ಎಂಎಲ್ಎ ಕಡೆಯೋರು. ತಗೊಂಡ ಮೇಲೆ ಅವ್ರ ಮೇಲೆ ಹೆಂಗ್ ಬರೀಲಿ? ನಾನೇನು ಬೇಕಂತ ಮಾಡ್ತೀನಾ?
– ಹೊನ್ನಾಳಿ ತಾಲ್ಲೂಕು

ಉತ್ತರ: ತಮ್ಮಾ, ನಿನ್ನ ಕಾಗದ ಬಂದಿರೋದ್ರಿಂದ್ಲೇ ಈ ಅಂಕಣ ಬರೀಬೇಕು ಅನ್ನಿಸ್ತು. ಓದುಗರಿಗೆ ಈ ವ್ಯವಸ್ಥೆ ಗೊತ್ತೇ ಇಲ್ಲ, ಬಿಡಿಸಿ ಹೇಳ್ತೀನಿ. ಪೇಪರಲ್ಲಿ ಊರೂರ ಸುದ್ದಿ ಬರುತ್ತಲ್ಲ, ಅದನ್ನ ಕಳ್ಸೋ ಬಹಳ ಜನ ನೌಕರರೇ ಅಲ್ಲ. ಗೌರವಧನ ಅಂತ ಒಂದಿಷ್ಟು, ಅದು ಬಿಟ್ರೆ ತಂದ ಜಾಹೀರಾತಿನ ಮೇಲೆ ಕಮಿಷನ್. ಲೀಡರ್ ಹುಟ್ಟುಹಬ್ಬ, ಯುಗಾದಿ, ದೀಪಾವಳಿ, ಪೇಪರಿನ ವಾರ್ಷಿಕೋತ್ಸವ, ಎಲ್ಲದಕ್ಕೂ ಶುಭಾಶಯದ ಜಾಹೀರಾತು. ಬೆಳಿಗ್ಗೆ ಒಬ್ಬರ ಮನೆ ಜಗಲಿ ಮೇಲೆ ಕೂತು ಕಾಲು ಪುಟ ಕೊಡಿ ಅಂತ ಕೈ ಮುಗಿದವನು ಮಧ್ಯಾಹ್ನ ಅದೇ ಮನುಷ್ಯನ ಪ್ರೆಸ್ ಮೀಟಲ್ಲಿ ಎದ್ದು ನಿಂತು ಕೆರೆ ಹೂಳೆತ್ತಿದ ಬಿಲ್ ಎಲ್ಲಿ ಅಂತ ಕೇಳಬೇಕು, ಹೆಂಗೆ ಕೇಳ್ತಾನೆ? ಕೇಳೋಕೆ ಬಾಯೇ ಬರಲ್ಲ.

ಪತ್ರಕರ್ತರ ವೇತನಕ್ಕೆ ಅಂತ ಮಜಿಥಿಯಾ ವೇತನ ಮಂಡಳಿ ಇತ್ತು, ಅದರ ಶಿಫಾರಸನ್ನ 2011ರ ನವೆಂಬರಲ್ಲಿ ಕೇಂದ್ರ ಸರ್ಕಾರ ಜಾರಿ ಮಾಡ್ತು, ಮಾಲೀಕರು ಕೋರ್ಟಿಗೆ ಹೋದ್ರು, 2014ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಶಿಫಾರಸು ಸರಿ ಅಂತ ಎತ್ತಿ ಹಿಡೀತು. ಕಾಗದದ ಮೇಲೆ ಗೆದ್ವಿ. ನಿನ್ನಂಥ ತಾಲ್ಲೂಕು ಹುಡುಗರ ಜೇಬಿಗೆ ಅದ್ರಿಂದ ಏನೂ ಬರ್ಲಿಲ್ಲ, ಯಾಕಂದ್ರೆ ನೀವು ನೌಕರರ ಪಟ್ಟೀಲೇ ಇರಲ್ಲ. ನಿಷ್ಠೆ ಬದಲಾಯ್ತು ನಿಷ್ಠೆ ಬದಲಾಯ್ತು ಅಂತ ಬೈಯೋ ಮೊದ್ಲು ಆ ನಿಷ್ಠೆಗೆ ದುಡ್ಡು ಕೊಡ್ತಿರೋದು ಯಾರು ಅಂತ ನೋಡಬೇಕು. ಮಾಲೀಕ ಎಸಿ ರೂಮಲ್ಲಿ ಮೌಲ್ಯದ ಬಗ್ಗೆ ಮಾತಾಡ್ತಾನೆ, ಕೈ ಚಾಚೋ ಕೆಲಸಕ್ಕೆ ನಿನ್ನನ್ನ ಕಳಿಸ್ತಾನೆ, ಬೈಗುಳ ನಿನಗೆ.

ಇಷ್ಟು ಹೇಳಿ ಒಂದು ಮಾತು ಅಕ್ಕನಾಗಿ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಜಾಹೀರಾತು ಬೇರೆ, ಪ್ರೆಸ್ ಮೀಟ್ ಮುಗಿದ ಮೇಲೆ ಕೈಗಿಡೋ ಕವರ್ ಬೇರೆ. ಜಾಹೀರಾತಿಗೆ ರಸೀದಿ ಇರುತ್ತೆ, ಪೇಪರಲ್ಲಿ ಅಚ್ಚಾಗುತ್ತೆ, ಓದುಗರಿಗೆ ಕಾಣುತ್ತೆ. ಕವರ್ ಯಾರಿಗೂ ಕಾಣಲ್ಲ. ನಮ್ಮ ಆಫೀಸಲ್ಲಿ ಒಬ್ರು ಹಿರೀ ವರದಿಗಾರರಿದ್ರು, ಹಳೇ ಸೈಕಲ್ಲಲ್ಲೇ ಮಂಡಿಪೇಟೆಯಿಂದ ಪಿಜೆ ಬಡಾವಣೆ ತನಕ ಓಡಾಡೋರು. ಕವರ್ ಕೊಟ್ರೆ ವಾಪಸ್ ಕೊಡೋರು, ಭಾಷಣ ಬಿಗಿಯೋರಲ್ಲ, "ಬೇಡ ಯಜಮಾನ್ರೆ, ಚಾ ಕುಡ್ದೀನಿ, ಸಾಕು" ಅನ್ನೋರು ಅಷ್ಟೇ. ಜಾಹೀರಾತು ಅವ್ರೂ ತರ್ತಿದ್ರು, ಕಷ್ಟ ಅವ್ರಿಗೂ ಇತ್ತು, ಮಗಳ ಮದ್ವೆಗೆ ಸಾಲ ಮಾಡಿದ್ರು. ನೀನು ಬರೀಲಿಕ್ಕಾಗದ ಸುದ್ದಿ ಇದ್ರೆ ಬರೀಬೇಡ, ಜಿಲ್ಲಾ ಡೆಸ್ಕಿಗೆ ಫೋನ್ ಮಾಡಿ ನನಗೆ ಅವ್ರ ಜೊತೆ ಜಾಹೀರಾತು ವ್ಯವಹಾರ ಐತೆ, ಬೇರೆಯವ್ರನ್ನ ಕಳ್ಸಿ ಅಂತ ಹೇಳು. ಸುಳ್ಳು ಮಾತ್ರ ನಿನ್ನ ಕೈಯಿಂದ ಬರೀಬೇಡ ತಮ್ಮಾ. ನಾನು ಆ ಕ್ಯಾಪ್ಷನ್ ಟೈಪ್ ಮಾಡಿ ಇಷ್ಟು ವರ್ಷ ಆದ್ರೂ ಅದು ನನ್ನನ್ನ ಬಿಟ್ಟಿಲ್ಲ.

ಪ್ರಶ್ನೆ: ಪೇಯ್ಡ್ ನ್ಯೂಸ್ ಅಂತಾರಲ್ಲ, ಅದನ್ನ ನಮ್ಮಂಥ ಸಾಮಾನ್ಯ ಓದುಗರು ಗುರುತು ಹಿಡಿಯೋದು ಹೆಂಗೆ?
– ಗೃಹಿಣಿ, ಹರಿಹರ

ಉತ್ತರ: ಒಳಗಿನ ಮಾತಲ್ಲಿ ಇದಕ್ಕೆ ಪ್ಯಾಕೇಜ್ ಅಂತಾರೆ ತಾಯಿ. ಚುನಾವಣೆ ಘೋಷಣೆ ಆದ ಕೂಡ್ಲೇ ಇಷ್ಟು ಫೋಟೋ, ಇಷ್ಟು ರ‍್ಯಾಲಿ ಸುದ್ದಿ, ಒಂದು ಸಂದರ್ಶನ, ಒಟ್ಟು ಇಷ್ಟು ರೂಪಾಯಿ. ಜಾಹೀರಾತು ಆಗಿದ್ರೆ ಜಾಹೀರಾತು ಅಂತ ಮೇಲೆ ಬರೀತಿದ್ರು, ಇದು ಸುದ್ದಿ ವೇಷದಲ್ಲಿ ಬರುತ್ತೆ. 2009ರ ಮಹಾರಾಷ್ಟ್ರ ವಿಧಾನಸಭೆ ಚುನಾವಣೆ ಆದ್ಮೇಲೆ ಪತ್ರಕರ್ತ ಪಿ. ಸಾಯಿನಾಥ್ ಅವ್ರು ಬಯಲಿಗೆಳೆದಿದ್ದು ಏನಂದ್ರೆ, ಆಗಿನ ಮುಖ್ಯಮಂತ್ರಿ ಅಶೋಕ್ ಚವಾಣ್ ಅವ್ರನ್ನ ಹೊಗಳಿದ ಒಂದೇ ಬರಹ ಒಂದಕ್ಕೊಂದು ಪೈಪೋಟಿ ಮಾಡೋ ಪತ್ರಿಕೆಗಳಲ್ಲಿ ಅಕ್ಷರ ಬದಲಾಗದೆ ಬಂದಿತ್ತು. ಚವಾಣ್ ಅವ್ರು ಪತ್ರಿಕೆ ಜಾಹೀರಾತಿಗೆ ಅಂತ ಲೆಕ್ಕ ಕೊಟ್ಟಿದ್ದು 5,379 ರೂಪಾಯಿ. (2014ರಲ್ಲಿ ಚುನಾವಣಾ ಆಯೋಗ ಅವ್ರ ವಿರುದ್ಧ ಕೊಟ್ಟ ಆದೇಶವನ್ನ ದೆಹಲಿ ಹೈಕೋರ್ಟ್ ರದ್ದು ಮಾಡ್ತು, ಅದನ್ನೂ ಹೇಳಬೇಕು.) ಪತ್ರಿಕೆಗಳ ಮೇಲಿನ ದೂರು ನೋಡೋ ಪ್ರೆಸ್ ಕೌನ್ಸಿಲ್ ಇಬ್ಬರ ಉಪಸಮಿತಿ ಮಾಡಿ 71 ಪುಟದ ವರದಿ ಬರೆಸ್ತು, ಪತ್ರಿಕೆಗಳ ಹೆಸರು ಅದರಲ್ಲಿದ್ವು, ಆದ್ರೆ 2010ರಲ್ಲಿ ಕೌನ್ಸಿಲ್ ಹೊರಗೆ ಬಿಟ್ಟಿದ್ದು ಹೆಸರಿಲ್ಲದ ಸಣ್ಣ ವರದಿ. ಊರಿಗೆಲ್ಲ ಪಾರದರ್ಶಕತೆ ಕೇಳೋ ನಾವು ನಮ್ಮ ಮನೆ ವಿಷ್ಯ ಬಂದಾಗ ಬಾಗಿಲು ಹಾಕ್ಕೊಂಡ್ವಿ, ನನಗೆ ಇವತ್ತಿಗೂ ನೋವಿರೋದು ಅದರ ಬಗ್ಗೆ. ಶಿಕ್ಷೆ ಆಗಿದ್ದೂ ಉಂಟು, ಉತ್ತರ ಪ್ರದೇಶದ ಬಿಸೌಲಿ ಶಾಸಕಿ ಉಮ್ಲೇಶ್ ಯಾದವ್ ಅವ್ರನ್ನ 2007ರ ಚುನಾವಣೆಯ ಇಂಥದ್ದೇ ಖರ್ಚು ಮುಚ್ಚಿಟ್ರು ಅಂತ 2011ರಲ್ಲಿ ಆಯೋಗ ಮೂರು ವರ್ಷ ಅನರ್ಹ ಮಾಡ್ತು.

ಗುರುತು ಹೇಳ್ತೀನಿ. ಎರಡು ಬೇರೆ ಪೇಪರಲ್ಲಿ ಅದೇ ಸಾಲು, ಅದೇ ಫೋಟೋ ಇದ್ಯಾ ನೋಡಿ. ಎದುರಾಳಿ ಹೆಸರೇ ಇಲ್ದೆ ಒಬ್ಬರದ್ದೇ ಜನಸಾಗರ, ಒಬ್ಬರದ್ದೇ ಗೆಲುವು ಖಚಿತ ಅಂತ ಬಂದಿದ್ರೆ ಅನುಮಾನ ಪಡಿ. ಸೋಮವಾರ ಒಬ್ಬರ ಗೆಲುವು ಖಚಿತ, ಬುಧವಾರ ಅದೇ ಪೇಪರಲ್ಲಿ ಅದೇ ಕ್ಷೇತ್ರದ ಇನ್ನೊಬ್ಬರ ಗೆಲುವೂ ಖಚಿತ ಅಂತಿದ್ರೆ ಅನುಮಾನವೇ ಬೇಡ. ಚುನಾವಣೆ ಟೈಮಲ್ಲಿ ಡಿಸಿ ನೇತೃತ್ವದಲ್ಲಿ ಮಾಧ್ಯಮ ಕಣ್ಗಾವಲು ಸಮಿತಿ ಇರುತ್ತೆ, ಎಂಸಿಎಂಸಿ ಅಂತಾರೆ, ಅಲ್ಲಿಗೆ ಕಟಿಂಗ್ ಕೊಡಬಹುದು, ಆ ಖರ್ಚನ್ನ ಅಭ್ಯರ್ಥಿ ಲೆಕ್ಕಕ್ಕೆ ಸೇರಿಸ್ತಾರೆ.

ಪ್ರಶ್ನೆ: ಭದ್ರಾ ಮೇಲ್ದಂಡೆ ಬಗ್ಗೆ ಒಂದು ಪೇಪರ್ ಓದಿದ್ರೆ ಕೇಂದ್ರದ್ದು ತಪ್ಪು, ಇನ್ನೊಂದು ಓದಿದ್ರೆ ರಾಜ್ಯದ್ದು. ನಮ್ಮ ಹೊಲಕ್ಕೆ ನೀರು ಬಂದಿಲ್ಲ ಅನ್ನೋದು ಮಾತ್ರ ನನಗೆ ಗೊತ್ತು.
– ರೈತ, ಹೊಸದುರ್ಗ

ಉತ್ತರ: ಅಣ್ಣಾ, ಪೇಪರ್‌ನ ಬಣ್ಣ ಗೊತ್ತಾಗೋದು ಇಂಥ ಸುದ್ದೀಲೇ. ಗೊತ್ತಿರೋ ವಿಷ್ಯ ಇಷ್ಟು: ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ನೀರು ಕೊಡೋ ಯೋಜನೆ. 2023ರ ಫೆಬ್ರವರಿ 1ರ ಕೇಂದ್ರ ಬಜೆಟ್ಟಲ್ಲಿ ನಿರ್ಮಲಾ ಸೀತಾರಾಮನ್ 5,300 ಕೋಟಿ ಘೋಷಣೆ ಮಾಡಿದ್ರು, ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಆಯ್ತು, ಬೆಂಗಳೂರಲ್ಲಿ ಸರ್ಕಾರ ಬದಲಾಯ್ತು. ಅಲ್ಲಿಂದ ಶುರು, ದುಡ್ಡು ಬರ್ಲಿಲ್ಲ ಅಂತ ರಾಜ್ಯದವ್ರು, ನೀವು ಮಾಡಬೇಕಾದ್ದು ಮಾಡಿಲ್ಲ ಅಂತ ಕೇಂದ್ರದವ್ರು. ಘೋಷಣೆ ದಿನ ಕುಣಿದ ಪತ್ರಕರ್ತ ಆಮೇಲೆ ಆ 5,300 ಕೋಟಿ ಅಂಕಿಯನ್ನೇ ಮರೆತ್ರೆ ಅವನ ಮನಸ್ಸು ಎಲ್ಲಿದೆ ಅಂತ ತಿಳ್ಕೊಳ್ಳಿ. ಹಂಗೇ ದಿನಾ ಕೇಂದ್ರವನ್ನ ಕೇಳೋನು ರಾಜ್ಯ ಸರ್ಕಾರ ತನ್ನ ಕಡೆಯಿಂದ ಎಷ್ಟು ಖರ್ಚು ಮಾಡ್ತು, ನಾಲೆ ಎಲ್ಲಿ ತನಕ ಬಂತು, ಜಮೀನು ಬಿಟ್ಟುಕೊಟ್ಟವ್ರಿಗೆ ಪರಿಹಾರ ಬಂತಾ ಅಂತ ಒಂದು ದಿನಾನೂ ಕೇಳದಿದ್ರೆ ಅವನದ್ದೂ ಅದೇ ಕಾಯಿಲೆ. ನಿಮ್ಮ ಹೊಲದ ಬದುವಿನ ಮೇಲೆ ನಿಂತು ಬರೆಯೋನು ಬೇಕಾಗಿದಾನೆ, ಸದ್ಯಕ್ಕೆ ಇಬ್ರೂ ಪ್ರೆಸ್ ನೋಟ್ ಮೇಲೆ ನಿಂತು ಬರೀತಿದಾರೆ.

ಪ್ರಶ್ನೆ: ನಮ್ಮ ತಂದೆ ಕಾಲದ ಪತ್ರಕರ್ತರೆಲ್ಲ ಪ್ರಾಮಾಣಿಕರು ಅಂತಾರೆ, ನಿಜಾನಾ?
– ದಾವಣಗೆರೆ

ಉತ್ತರ: ಎಲ್ರೂ ಅಲ್ಲ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳನ್ನ ಹಿಡಿತದಲ್ಲಿಡೋ ಕಾನೂನು ತಂದಾಗ ತಾತಯ್ಯ ಎಂ. ವೆಂಕಟಕೃಷ್ಣಯ್ಯ ತಮ್ಮ ಪತ್ರಿಕೆಗಳನ್ನೇ ನಿಲ್ಸಿಬಿಟ್ರು, ಬಗ್ಗಲಿಲ್ಲ. 1975ರ ತುರ್ತು ಪರಿಸ್ಥಿತಿಯಲ್ಲಿ ಸಂಪಾದಕೀಯದ ಜಾಗ ಖಾಲಿ ಬಿಟ್ಟು ಪ್ರತಿಭಟನೆ ಮಾಡಿದವ್ರೂ ಇದ್ರು, ಸೆನ್ಸಾರ್ ಹೇಳಿದ್ದಕ್ಕಿಂತ ಹೆಚ್ಚೇ ತಲೆ ಆಡಿಸಿದವ್ರೂ ಇದ್ರು, ಬಗ್ಗು ಅಂದ್ರೆ ತೆವಳಿದ್ರಿ ಅಂತ ಆಮೇಲೆ ಅಡ್ವಾಣಿಯವ್ರು ಹೇಳಿದ ಮಾತು ಆ ಎರಡನೇ ಗುಂಪಿಗೆ. 1977ರಲ್ಲಿ ಸರ್ಕಾರ ಬದಲಾದ ಮೇಲೆ ತೆವಳಿದವ್ರಲ್ಲೂ ಎಷ್ಟೋ ಜನ ವೀರರಾಗಿಬಿಟ್ರು. ನಿಮ್ಮ ತಂದೆಯವ್ರು ಓದ್ತಿದ್ದ ಪೇಪರ್ ಯಾವ ಸಾಲಲ್ಲಿತ್ತು ಅಂತ ಅವ್ರನ್ನೇ ಕೇಳಿ, ಆ ಕಾಲದವ್ರಿಗೆ ಚೆನ್ನಾಗಿ ನೆನಪಿರುತ್ತೆ.

ಪ್ರಶ್ನೆ: ಪತ್ರಿಕೆ ಮೇಲೆ ದೂರು ಕೊಡೋದು ಎಲ್ಲಿ? ಕೊಟ್ರೆ ಏನಾದ್ರೂ ಆಗುತ್ತಾ?
– ಚನ್ನಗಿರಿ

ಉತ್ತರ: ದೆಹಲಿಯಲ್ಲಿ ಭಾರತೀಯ ಪತ್ರಿಕಾ ಮಂಡಳಿ ಇದೆ, ಅದೇ ಪ್ರೆಸ್ ಕೌನ್ಸಿಲ್, 1978ರ ಕಾಯ್ದೆ ಪ್ರಕಾರ ನಡೆಯೋದು. ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ದಂಡ ಹಾಕೋ ಅಧಿಕಾರ ಇಲ್ಲ, ಟಿವಿ ಚಾನೆಲ್ಲು ಅದರ ವ್ಯಾಪ್ತಿಗೆ ಬರಲ್ಲ. ಅಷ್ಟೇನಾ ಅನ್ನಿಸಬಹುದು, ಆದ್ರೂ ಕೊಡಿ, ಸಂಪಾದಕರ ಟೇಬಲ್ ಮೇಲೆ ಮಂಡಳಿ ನೋಟಿಸ್ ಬಂದು ಬಿದ್ದಾಗ ಆಫೀಸ್ ಹೆಂಗೆ ಗಪ್‌ಚುಪ್ ಆಗುತ್ತೆ ಅಂತ ನಾನು ನೋಡಿದೀನಿ. ಮೊದ್ಲು ಸಂಪಾದಕರಿಗೇ ಬರೀಬೇಕು, ಅವ್ರ ಹೆಸರು ವಿಳಾಸ ಪೇಪರಿನ ಕೊನೇ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ. ಅವ್ರು ಸರಿಯಾಗಿ ಉತ್ತರ ಕೊಡದಿದ್ರೆ ಮಂಡಳಿಗೆ. ದಿನಪತ್ರಿಕೆ, ವಾರಪತ್ರಿಕೆ ಆದ್ರೆ ಸುದ್ದಿ ಬಂದ ಎರಡು ತಿಂಗಳೊಳಗೆ, ಬೇರೆ ಪತ್ರಿಕೆ ಆದ್ರೆ ನಾಲ್ಕು ತಿಂಗಳೊಳಗೆ. ಕನ್ನಡದ ಸುದ್ದಿಗೆ ಇಂಗ್ಲಿಷ್ ಅನುವಾದ ಜೊತೆಗಿಡಿ, ಊರಲ್ಲಿ ಯಾರಾದ್ರೂ ಮೇಷ್ಟ್ರು ಮಾಡ್ಕೊಡ್ತಾರೆ. ಕಟಿಂಗ್ ಮೇಲೆ ತಾರೀಖು, ಪುಟ ಬರೆಯೋದು ಮರೀಬೇಡಿ, ಕಳ್ಸೋದು ಜೆರಾಕ್ಸ್, ಒರಿಜಿನಲ್ ಮನೇಲೇ ಇರ್ಲಿ.